ನ್ಯಾಯಾಲಯದ ಇಂಗ್ಲಿಷು: ಪರಿಚಿತ ಪದಗಳ ಅಪರಿಚಿತ ಅರ್ಥ

ಇಂಗ್ಲಿಷು ಬಲ್ಲವನಿಗೆ ಕಾನೂನಿನ ಇಂಗ್ಲಿಷು ತಾನಾಗಿಯೇ ತಿಳಿಯುವುದೆಂಬ ನಂಬಿಕೆ ನಮ್ಮ ಸುಶಿಕ್ಷಿತರಲ್ಲಿ ಬಲವಾಗಿದೆ. ಸಂವಿಧಾನದ 348ನೆಯ ಅನುಚ್ಛೇದದಂತೆ, ಸಂಸತ್ತು ಬೇರೆ ಕಾನೂನು ಮಾಡುವವರೆಗೆ, ಸರ್ವೋಚ್ಚ ಹಾಗೂ ಉಚ್ಚ ನ್ಯಾಯಾಲಯಗಳ ವ್ಯವಹಾರಭಾಷೆ ಇಂಗ್ಲಿಷು. ಉಚ್ಚ ನ್ಯಾಯಾಲಯಗಳಲ್ಲಿ ರಾಜ್ಯಭಾಷೆಗೆ ಎಡೆಗೊಡುವ ಅಪವಾದವೂ ಅಲ್ಲಿಯೇ ಉಂಟು. ಆದಕಾರಣ ಕನ್ನಡದಲ್ಲಿ ಓದಿ ಬಂದು ಮುಂಬಯಿಯಲ್ಲೋ ಚೆನ್ನೈಯಲ್ಲೋ ವಕೀಲಿ ಆರಂಭಿಸುವ ತರುಣರು ಈ ಭಾಷೆಯನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕಾಗುತ್ತದೆ. ಇಲ್ಲಿ ತೊಡಕು ಬರುವುದು ಕಠಿಣ ಪದಗಳಿಂದಲ್ಲ. ಕಠಿಣ ಪದ ಎದುರಾದಾಗ ಓದುವವನು ನಿಘಂಟನ್ನು ತೆರೆಯುತ್ತಾನೆ. ಪರಿಚಿತ ಪದ ಎದುರಾದಾಗ ತೆರೆಯುವುದಿಲ್ಲ. ಅವನು ಎಡವುವುದು ಅಲ್ಲಿಯೇ.

'ಎಕ್ಸಿಕ್ಯೂಷನ್' ಎಂಬ ಒಂದೇ ಪದವನ್ನು ವಿಚಾರಿಸೋಣ. ದಸ್ತಾವೇಜಿನ ವಿಷಯದಲ್ಲಿ ಅದಕ್ಕೆ ವಿಧಿವತ್ತಾಗಿ ಸಹಿ ಮಾಡಿ ಬರೆದುಕೊಡುವುದೆಂದು ಅರ್ಥ. ಡಿಕ್ರಿಯ ವಿಷಯದಲ್ಲಿ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಅದು ಅಮಲ್ಜಾರಿ. ಅಪರಾಧಿಯ ವಿಷಯದಲ್ಲಿ ಅದು ಮರಣದಂಡನೆಯ ಜಾರಿ. ಹಾಗೆಯೇ 'ಕನ್ಸಿಡರೇಷನ್' ಎಂದರೆ ಲೋಕರೂಢಿಯಲ್ಲಿ ಪರ್ಯಾಲೋಚನೆ, ದಾಕ್ಷಿಣ್ಯ. 1872ರ ಕರಾರು ಕಾಯಿದೆಯಲ್ಲಿ ಪ್ರತಿಫಲ. ಕೆಲವು ಅಪವಾದಗಳನ್ನು ಬಿಟ್ಟರೆ, ಪ್ರತಿಫಲವಿಲ್ಲದ ಒಪ್ಪಂದ ಶೂನ್ಯ. ಪತ್ರದ ನೆತ್ತಿಯಲ್ಲಿ 'ವಿದೌಟ್ ಪ್ರೆಜುಡಿಸ್' ಎಂದಿದ್ದರೆ ಬರೆದವನಿಗೆ ಪೂರ್ವಗ್ರಹವಿಲ್ಲವೆಂದು ತಿಳಿಯಲಾಗದು. ರಾಜಿಗಾಗಿ ಆಡಿದ ಮಾತನ್ನು ತನ್ನ ಹಕ್ಕಿಗೆ ಬಾಧಕವಾಗಿ ಬಳಸಕೂಡದೆಂಬುದೇ ಅದರ ತಾತ್ಪರ್ಯ.

ಈ ಭಾಷೆ ಹೀಗಾದುದಕ್ಕೆ ಚರಿತ್ರೆಯೇ ಕಾರಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ, ಕಾಲಕ್ರಮದಲ್ಲಿ ಅಲ್ಲಿನ ನ್ಯಾಯಸ್ಥಾನಗಳಲ್ಲಿ ಫ್ರೆಂಚು ಮಾತಿನ ಭಾಷೆಯಾಯಿತು, ಲ್ಯಾಟಿನ್ ದಾಖಲೆಯ ಭಾಷೆಯಾಗಿ ನಿಂತಿತು. ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಶಾಸನವಾಯಿತು. ಆ ಶಾಸನವನ್ನೇ ಫ್ರೆಂಚಿನಲ್ಲಿ ಬರೆದಿದ್ದರೆಂಬುದು ವಿನೋದದ ಸಂಗತಿ. ದಾಖಲೆಗಳೂ ಇಂಗ್ಲಿಷಿನಲ್ಲಿರಬೇಕೆಂಬ 1731ರ ಶಾಸನ 1733ರಲ್ಲಿ ಜಾರಿಗೆ ಬಂದಿತು. ಈ ಭಾಷಾಸಂಕರದ ಗುರುತುಗಳೇ 'ಗೂಡ್ಸ್ ಅಂಡ್ ಚಾಟಲ್ಸ್', 'ಬ್ರೇಕಿಂಗ್ ಅಂಡ್ ಎಂಟರಿಂಗ್' ಮೊದಲಾದ ಜೋಡುನುಡಿಗಳು. ಇವುಗಳಲ್ಲಿ ಒಂದು ಪದ ಇಂಗ್ಲಿಷಿನದು, ಇನ್ನೊಂದು ಫ್ರೆಂಚಿನಿಂದ ಬಂದುದು.

ಹಾಗೆಂದು ಜೋಡುನುಡಿಗಳೆಲ್ಲವೂ ಪುನರುಕ್ತಿಗಳೆಂದು ಬಗೆಯಲಾಗದು. ನಮ್ಮ ದಾನಶಾಸನಗಳ ಅಷ್ಟಭೋಗವನ್ನು ನೆನೆಯಬಹುದು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಒಂದೇ ಎಂದು ತೋರುವ ನಿಧಿ ನಿಕ್ಷೇಪಗಳನ್ನೂ ಅಲ್ಲಿ ಎರಡು ಹಕ್ಕುಗಳಾಗಿ ಎಣಿಸಿದ್ದಾರೆ. ಇಂಗ್ಲಿಷು ದಸ್ತಾವೇಜಿನಲ್ಲಿ ಅಂಥದೇ ಜೋಡಿ 'ಜಾಯಿಂಟ್ಲಿ ಅಂಡ್ ಸೆವರಲಿ'. ಬ್ಯಾಂಕಿನ ಜಾಮೀನುಪತ್ರಗಳಲ್ಲಿ ಈ ಮಾತು ನಿತ್ಯ ಕಾಣುವಂಥದು. ಇಬ್ಬರು ಸಹಿ ಮಾಡಿದರೆ ಸಾಲ ಅರ್ಧರ್ಧ ಹಂಚಿಹೋಗುವುದೆಂದು ಸಹಿ ಹಾಕುವವರಲ್ಲಿ ಅನೇಕರು ಭಾವಿಸುತ್ತಾರೆ. ಆದರೆ ಇಬ್ಬರೂ ಕೂಡಿ ಹೊಣೆ, ಒಬ್ಬೊಬ್ಬನೂ ಪೂರ್ಣ ಮೊತ್ತಕ್ಕೆ ಹೊಣೆ ಎಂಬುದು ಅದರ ಅರ್ಥ. ಮೇಲಾಗಿ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಪತ್ರದಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕ. ಮೊದಲು ಸಾಲಗಾರನಿಂದ ವಸೂಲಿಗೆ ಯತ್ನಿಸಿ ಬಳಿಕ ಜಾಮೀನುದಾರನ ಬಳಿ ಬರಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ಬ್ಯಾಂಕ್ ಆಫ್ ಬಿಹಾರದ ಮೊಕದ್ದಮೆಯಲ್ಲಿ ಒಪ್ಪಲಿಲ್ಲ. ಒಂದು ಕ್ರಿಯಾವಿಶೇಷಣದ ಅರ್ಥ ತಿಳಿಯದೆ ಮನೆ ಕಳೆದುಕೊಳ್ಳುವ ಪ್ರಸಂಗ ಬರುವುದು ಹೀಗೆ.

ಸಹಾಯಕ ಕ್ರಿಯಾಪದಗಳಲ್ಲಿಯೂ ಇಂಥ ಸೂಕ್ಷ್ಮವುಂಟು. 'ಶಲ್' ಎಂದರೆ ಕಡ್ಡಾಯ, 'ಮೇ' ಎಂದರೆ ಐಚ್ಛಿಕ ಎಂಬುದು ಸಾಮಾನ್ಯ ಪಾಠ. ಆದರೆ ಅಧಿಕಾರದೊಡನೆ ಕರ್ತವ್ಯವೂ ಕೂಡಿರುವೆಡೆ ಆ ಅಧಿಕಾರವನ್ನು ಚಲಾಯಿಸಲೇಬೇಕಾಗಬಹುದೆಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1880ರ ಜೂಲಿಯಸ್ ಮೊಕದ್ದಮೆಯಲ್ಲಿ ವಿವೇಚಿಸಿದೆ. ಪದಕ್ಕೆ ಅರ್ಥ ಕೊಡುವುದು ಅದರ ಸಂದರ್ಭವೇ.

ಅಭ್ಯಾಸದ ಕ್ರಮವೇನು? ಮೊದಲನೆಯದಾಗಿ, ಯಾವ ಕಾಯಿದೆಯನ್ನು ಕೈಗೆತ್ತಿಕೊಂಡರೂ ಪರಿಭಾಷೆಯ ಕಲಮನ್ನು ಮೊದಲು ಓದತಕ್ಕದ್ದು. ಎರಡನೆಯದಾಗಿ, ಕರಾರು ಕಾಯಿದೆಯಲ್ಲಿ ಕಲಮುಗಳ ಕೆಳಗೆ ಕೊಟ್ಟಿರುವ ದೃಷ್ಟಾಂತಗಳನ್ನು ಮನನ ಮಾಡಬೇಕು. ಮೆಕಾಲೆ 1837ರ ದಂಡಸಂಹಿತೆಯ ಕರಡಿನಲ್ಲಿ ಬಳಸಿದ ಈ ವಿಧಾನದಿಂದ, ಬಿಗಿಯಾದ ಸೂತ್ರವೂ ತಿಳಿಯಾದ ಕಥೆಯೂ ಅಕ್ಕಪಕ್ಕದಲ್ಲಿ ದೊರೆಯುತ್ತವೆ. ಭಾಷೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೂರನೆಯದು ಎಲ್ಲಕ್ಕೂ ಮುಖ್ಯ: ಓದಿದ ಕಲಮನ್ನು ಕನ್ನಡದಲ್ಲಿ ಹೇಳಿ ನೋಡಬೇಕು. ಜಾಮೀನು, ದಸ್ತಾವೇಜು, ವಕೀಲ, ಫಿರ್ಯಾದಿ ಎಂಬ ನಮ್ಮ ಕಚೇರಿಯ ಮಾತುಗಳೂ ಪಾರಸಿ ಅರಬ್ಬಿಗಳಿಂದ ಬಂದು ನೆಲೆಸಿದವು. ಎರವಲು ಪದಗಳನ್ನು ಅರಗಿಸಿಕೊಳ್ಳುವುದು ಕನ್ನಡಕ್ಕೆ ಹೊಸತಲ್ಲ.

ಕನ್ನಡದಲ್ಲಿ ಹೇಳಲಾಗದ ಕಲಮು ತನಗೇ ತಿಳಿದಿಲ್ಲವೆಂದು ವಕೀಲನು ಭಾವಿಸುವುದು ಕ್ಷೇಮ. ಕಾಗದ ಹಿಡಿದು ಬರುವ ಕಕ್ಷಿದಾರನು ಕೇಳುವುದು ಒಂದೇ ಪ್ರಶ್ನೆ: "ಸ್ವಾಮಿ, ಇದಕ್ಕೆ ಸಹಿ ಹಾಕಿದರೆ ನನಗೇನಾಗುತ್ತದೆ?" ಅದಕ್ಕೆ ಅವನ ಮಾತಿನಲ್ಲಿಯೇ ಉತ್ತರ ಕೊಡಬಲ್ಲವನು ಕಾನೂನಿನ ಇಂಗ್ಲಿಷನ್ನು ಕಲಿತವನು.