ಆಲ್ಟ್‌ಮಾರ್ಕ್: ಒಂದು ಉಗ್ರಾಣದ ಹಡಗಿನ ಕಥೆ

ಯುದ್ಧನೌಕೆಗಳ ಹೆಸರು ನಮಗೆಲ್ಲ ಗೊತ್ತು. ಅವಕ್ಕೆ ಎಣ್ಣೆ, ಮದ್ದುಗುಂಡು, ದಿನಸಿ ಒದಗಿಸುವ ಹಡಗನ್ನು ಕೇಳುವವರಿಲ್ಲ. ಗಿರಣಿಯ ಸ್ಟೋರ್ ಖಾತೆಯೂ ಹಾಗೆಯೇ ಅಲ್ಲವೆ? ಸಾಮಾನು ಬಾರದ ದಿನ ಮಾತ್ರ ಅದರ ನೆನಪು.

ಆಲ್ಟ್‌ಮಾರ್ಕ್ 1937ರಲ್ಲಿ ಜರ್ಮನಿಯ ಕೀಲ್ ಬಂದರಿನಲ್ಲಿ ನೀರಿಗಿಳಿಯಿತು. 1939ರ ಆಗಸ್ಟಿನಲ್ಲಿ, ಮಹಾಯುದ್ಧ ಆರಂಭವಾಗುವ ಮೊದಲೇ, ಅಮೆರಿಕದ ಟೆಕ್ಸಾಸಿನಲ್ಲಿ ಡೀಸೆಲ್ ತುಂಬಿಕೊಂಡು ಅಟ್ಲಾಂಟಿಕ್ ಸಾಗರಕ್ಕೆ ಹೋಯಿತು. ಅಲ್ಲಿ ಗ್ರಾಫ್ ಸ್ಪೇ ಎಂಬ ಯುದ್ಧನೌಕೆಗೆ ನಡುನೀರಿನಲ್ಲಿಯೇ ಎಣ್ಣೆ ಕೊಡುವುದು ಅದರ ಕೆಲಸ. ಗ್ರಾಫ್ ಸ್ಪೇ ಒಂಬತ್ತು ವ್ಯಾಪಾರಿ ಹಡಗುಗಳನ್ನು ಮುಳುಗಿಸಿತು. ಸೆರೆ ಸಿಕ್ಕ ನಾವಿಕರಲ್ಲಿ ಹೆಚ್ಚಿನವರನ್ನು ಆಲ್ಟ್‌ಮಾರ್ಕಿನ ತಳದ ಕೋಣೆಗಳಿಗೆ ತುಂಬಿದರು. ಅವರಲ್ಲಿ ನಮ್ಮ ದೇಶದ ಖಲಾಸಿಗಳೂ ಇದ್ದರು. ಹೊಟ್ಟೆಪಾಡಿಗೆ ಊರು ಬಿಟ್ಟವರು, ಯಾರದೋ ಯುದ್ಧದಲ್ಲಿ ತಿಂಗಳುಗಟ್ಟಲೆ ಕತ್ತಲೆಯಲ್ಲಿ ಕೂತರು.

ಡಿಸೆಂಬರ್ 17ರಂದು ಗ್ರಾಫ್ ಸ್ಪೇಯನ್ನು ಅದರ ಕಪ್ತಾನನೇ ಮಾಂಟೆವಿಡಿಯೊ ಬಳಿ ಮುಳುಗಿಸಿದ. ಆಲ್ಟ್‌ಮಾರ್ಕ್ 299 ಸೆರೆಯಾಳುಗಳೊಡನೆ ಊರಿಗೆ ಮುಖ ಮಾಡಿತು. 1940ರ ಫೆಬ್ರವರಿಯಲ್ಲಿ ತಟಸ್ಥ ದೇಶವಾದ ನಾರ್ವೆಯ ಕರಾವಳಿ ಸೇರಿದಾಗ ಅಲ್ಲಿನ ಅಧಿಕಾರಿಗಳು ಹಡಗು ಹತ್ತಿ ವಿಚಾರಿಸಿದರು. ತಳದ ಕೋಣೆಗಳನ್ನು ಮಾತ್ರ ತೆಗೆಸಿ ನೋಡಲಿಲ್ಲ. ಫೆಬ್ರವರಿ 16ರ ರಾತ್ರಿ ಬ್ರಿಟಿಷರ ಕಾಸಕ್ ನೌಕೆ ಯೋಸಿಂಗ್ ಫಿಯರ್ಡ್ ಎಂಬ ಇಕ್ಕಟ್ಟಾದ ಕಡಲತೋಳಿಗೆ ನುಗ್ಗಿ ಎಲ್ಲರನ್ನೂ ಬಿಡಿಸಿತು. ಕೆಲವು ಜರ್ಮನರು ಸತ್ತರು. ತಟಸ್ಥ ನೀರಿಗೆ ನುಗ್ಗಿದ್ದು ತಪ್ಪೆಂದು ನಾರ್ವೆ ಪ್ರತಿಭಟಿಸಿತು. ಕಾನೂನಿನ ಮಾತು ಅದಿರಬಹುದು. ತಳದಲ್ಲಿದ್ದವರನ್ನು ಕೇಳಿದರೆ ಬೇರೆ ಮಾತು ಬರುತ್ತಿತ್ತೆಂದು ನಮಗೆ ತೋರುತ್ತದೆ. ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆಯೇ ದಂಡೆತ್ತಿ ಹೋಯಿತು.

ಹಡಗು ಮಾತ್ರ ಉಳಿಯಿತು. ಉಕರ್‌ಮಾರ್ಕ್ ಎಂದು ಹೆಸರು ಬದಲಿಸಿಕೊಂಡು 1941ರಲ್ಲಿ ಬೇರೆ ಯುದ್ಧನೌಕೆಗಳಿಗೆ ಎಣ್ಣೆ ಹೊತ್ತು, 1942ರಲ್ಲಿ ಜಪಾನಿಗೆ ಹೋಯಿತು. ನವೆಂಬರ್ 30ರಂದು ಯೊಕೊಹಾಮಾದಲ್ಲಿ ಖಾಲಿ ಟಾಂಕಿಗಳನ್ನು ತೊಳೆಯುತ್ತಿದ್ದರು. ತುಂಬಿದ ಟಾಂಕಿಗಿಂತ ಖಾಲಿ ಟಾಂಕಿಯೇ ಅಪಾಯ: ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತರೆ ಒಂದು ಕಿಡಿ ಸಾಕು. ಹತ್ತಿಯ ಧೂಳು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಡಗು ಸಿಡಿಯಿತು, ಅದರ 53 ಮಂದಿ ಸತ್ತರು, ಪಕ್ಕದಲ್ಲಿದ್ದ ಥೋರ್ ನೌಕೆಯೂ ಸುಟ್ಟುಹೋಯಿತು.

ಬದುಕಿದವರಲ್ಲಿ ಅನೇಕರನ್ನು ಡಾಗರ್‌ಬ್ಯಾಂಕ್ ಎಂಬ ಹಡಗಿನಲ್ಲಿ ಊರಿಗೆ ಕಳುಹಿಸಿದರು. 1943ರ ಮಾರ್ಚಿನಲ್ಲಿ ಜರ್ಮನರದೇ ಜಲಾಂತರ್ನೌಕೆಯೊಂದು ಅದನ್ನು ವೈರಿಯ ಹಡಗೆಂದು ತಿಳಿದು ಮುಳುಗಿಸಿತು. ಅದರಲ್ಲಿದ್ದ 365 ಮಂದಿಯಲ್ಲಿ ಉಳಿದವನು ಒಬ್ಬನೇ.