ಬಿಡಕಿನ್‌ನ ಹವಾಲ್ದಾರರ ಕೈಗಡಿಯಾರ

ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ಹಾದಿಯಲ್ಲಿ ಬಿಡಕಿನ್ ಎಂಬ ಊರಿದೆ. ಹತ್ತಿ, ಜೋಳಗಳ ಹೊಲಗಳ ನಡುವೆ ತನ್ನ ಪಾಡಿಗೆ ತಾನಿದ್ದ ಈ ಪೇಟೆಯ ಹೆಸರು, ದಿಲ್ಲಿ–ಮುಂಬಯಿ ಔದ್ಯೋಗಿಕ ಕಾರಿಡಾರದ ಯೋಜನೆಯಲ್ಲಿ ಸೇರಿದ ಬಳಿಕ ದೂರದವರ ಕಿವಿಗೂ ಬಿದ್ದಿದೆ. ಕಾರ್ಖಾನೆ ಬರುವೆಡೆಗೆ ಕೂಲಿಯವರು ಬರುತ್ತಾರೆ. ಅವರ ಬೆನ್ನ ಹಿಂದೆಯೇ ಇಡ್ಲಿಯ ಪಾತ್ರೆ ಹೊತ್ತು ನಮ್ಮವರು ಬರುತ್ತಾರೆ. ಗೋದಾವರಿಯು ಅಲ್ಲಿಂದ ದೂರವಿಲ್ಲ. ನೃಪತುಂಗನ ಕಾಲದಲ್ಲಿ ಕನ್ನಡ ನಾಡು ಆ ನದಿಯವರೆಗೂ ಹಬ್ಬಿತ್ತೆಂದು ‘ಕವಿರಾಜಮಾರ್ಗ’ವು ಸಾರುವುದರಿಂದ, ಅಲ್ಲಿ ಕನ್ನಡಿಗನ ಹೋಟೆಲನ್ನು ಕಂಡು ಯಾರೂ ಆಶ್ಚರ್ಯಪಡಬೇಕಾಗಿಲ್ಲ.

ನಾವು ಅಲ್ಲಿಗೆ ಹೋದದ್ದು ಇತಿಹಾಸಕ್ಕಾಗಿಯಲ್ಲ, ಚಂದಾ ವಸೂಲಿಗಾಗಿ. ಹೋಟೆಲಿನ ಗಲ್ಲಾ ಬಿಟ್ಟು ಪತ್ರಿಕೆಯ ಮೇಜಿಗೆ ಬಂದವರಿಗೆ ಬಾಕಿ ವಸೂಲಿಯ ಅಭ್ಯಾಸವೊಂದು ಮಾತ್ರ ಎರಡು ಕಡೆಗೂ ಉಪಯೋಗಕ್ಕೆ ಬರುತ್ತದೆ. ಹಾಗೆ ಹೋದಾಗ ಒಂದು ಹೋಟೆಲಿನ ಗಲ್ಲಾದ ಮೇಲೆ ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ನೆಟ್ಟಗೆ ಕುಳಿತಿದ್ದರು. ಬೆಳಗಾವಿ ಜಿಲ್ಲೆಯವರು, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅಳಿಯನು ಆ ಹೋಟೆಲಿನಲ್ಲಿ ಪಾಲುದಾರ. ಅವರ ತಲೆಯ ಹಿಂದೆ, ಲಕ್ಷ್ಮಿಯ ಪಟದ ಕೆಳಗೆ, ಮೊಳೆಯೊಂದಕ್ಕೆ ಒಂದು ಕೈಗಡಿಯಾರ ತೂಗುತ್ತಿತ್ತು.

ಅದು ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರ. ಬಿಳಿಯ ಮುಖವು ಹಳದಿಗೆ ತಿರುಗಿದೆ, ಗಾಜಿನ ಮೇಲೆ ಉದ್ದನೆಯ ಗೀರು, ಪಟ್ಟಿಯಂತೂ ಎಷ್ಟನೆಯದೋ. ಚಂದಾ ಕೊಟ್ಟು ರಸೀತಿ ಪಡೆದ ಬಳಿಕ ಹವಾಲ್ದಾರರು ಅದನ್ನು ಮೊಳೆಯಿಂದ ತೆಗೆದು ನಮ್ಮ ಅಂಗೈಯಲ್ಲಿಟ್ಟು, “ಸಂಪಾದಕರ, ನೀವು ನಾಕು ಮಂದಿಗೆ ಬುದ್ಧಿ ಹೇಳಾವ್ರು. ನನ್ನ ಕಾಲ ಆದಮ್ಯಾಲೆ ಇದನ್ನ ಯಾರಿಗೆ ಕೊಡ್ಲಿ, ಹೇಳ್ರಿ” ಎಂದರು.

ಗಡಿಯಾರದ ವೃತ್ತಾಂತವನ್ನು ಅವರು ಇಡ್ಲಿ ತಣ್ಣಗಾಗುವಷ್ಟು ಹೊತ್ತು ಹೇಳಿದರು. 1970ರಲ್ಲಿ ಪಗಾರದಲ್ಲಿ ಉಳಿಸಿದ ಹಣದಿಂದ ಕೊಂಡದ್ದು. ನಮ್ಮ ದೇಶದಲ್ಲಿ ಅಲ್ಲಿಯವರೆಗೆ ಸಿಪಾಯಿಯ ಮುಂಗೈಯಲ್ಲಿ ಗಡಿಯಾರವಿದ್ದರೆ ಅದು ಹೆಚ್ಚಾಗಿ ಪರದೇಶದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆ ತಲೆಯೆತ್ತಿದ ಮೇಲೆ, ಗುಮಾಸ್ತನಿಗೂ ಮೇಸ್ತ್ರಿಗೂ ಸಿಪಾಯಿಗೂ ಸ್ವದೇಶದ ಗಡಿಯಾರ ಕೈಗೆಟಕಿತು. ಮದುಮಗನಿಗೆ ಮಾವನ ಮನೆಯಿಂದ ಎಚ್.ಎಂ.ಟಿ. ಬಂತೇ ಎಂದು ಊರವರು ವಿಚಾರಿಸುತ್ತಿದ್ದ ದಿನಗಳನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ಇಂಥ ಕೀಲಿಯ ಗಡಿಯಾರದ ಹೃದಯವು ಸಾಮಾನ್ಯವಾಗಿ ಗಂಟೆಗೆ 18,000 ಸಲ ಮಿಡಿಯುತ್ತದೆ. ದಿನಕ್ಕೆ ನಾಲ್ಕು ಲಕ್ಷ ಮೂವತ್ತೆರಡು ಸಾವಿರ. ಐವತ್ತು ವರ್ಷಗಳ ಲೆಕ್ಕವನ್ನು ಗುಮಾಸ್ತ ಬಂಧುಗಳು ಬಿಡುವಿನಲ್ಲಿ ಹಾಕಿಕೊಳ್ಳಲಿ.

1971ರ ಡಿಸೆಂಬರಿನಲ್ಲಿ ಹವಾಲ್ದಾರರು ಇಪ್ಪತ್ತೊಂದರ ತರುಣ, ಜಮಾಲಪುರದಲ್ಲಿದ್ದರು. ಬ್ರಹ್ಮಪುತ್ರೆಯ ದಂಡೆಯ ಆ ಊರಿನಲ್ಲಿ ಪಾಕಿಸ್ತಾನದ ಬಲೂಚ್ ಪಡೆ ಭದ್ರವಾಗಿ ಕುಳಿತಿತ್ತು. ಶರಣಾಗಿರೆಂದು ಬ್ರಿಗೇಡಿಯರ್ ಕ್ಲೇರ್ ಬರೆದು ಕಳುಹಿದ ಪತ್ರಕ್ಕೆ ಆ ಕಡೆಯ ಸೇನಾನಿಯು ಉತ್ತರದ ಕಾಗದದಲ್ಲಿ ಒಂದು ಬಂದೂಕಿನ ಗುಂಡನ್ನು ಸುತ್ತಿ ಕಳುಹಿದ ಸಂಗತಿ ಪ್ರಸಿದ್ಧವಾದುದೇ. ಡಿಸೆಂಬರ್ 10ರ ರಾತ್ರಿ ಆ ಪಡೆಯು ಮುತ್ತಿಗೆಯನ್ನು ಭೇದಿಸಿ ಹೊರಬೀಳಲು ನುಗ್ಗಿದಾಗ, ದಕ್ಷಿಣದ ರಸ್ತೆಯನ್ನು ಅಡ್ಡಗಟ್ಟಿ ನಿಂತಿದ್ದುದು ಮರಾಠಾ ದಳದ ಒಂದನೆಯ ಬೆಟಾಲಿಯನ್. ಮರುದಿನ ಜಮಾಲಪುರ ನಮ್ಮ ಕೈಸೇರಿತು. ಪುಸ್ತಕಗಳಲ್ಲಿ ಇಷ್ಟಿದೆ. ಹವಾಲ್ದಾರರ ಬಾಯಲ್ಲಿ ಇದ್ದುದು ಒಂದೇ ಮಾತು: “ಆ ರಾತ್ರಿ ಮುಗೀಲೇ ಇಲ್ರಿ. ಗಡಿಯಾರ ನಿಂತೈತೇನಂತ ಮೂರು ಸಲ ಕಿವಿಗೆ ಹಚ್ಚಿ ಕೇಳಿದೆ.”

ಕಾಳಗದಲ್ಲಿ ಗಡಿಯಾರಕ್ಕಿರುವ ಸ್ಥಾನ ನಾಗರಿಕರಿಗೆ ಸುಲಭವಾಗಿ ಹೊಳೆಯದು. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಗಂಡಸರು ಜೇಬಿನ ಗಡಿಯಾರವನ್ನಿಡುತ್ತಿದ್ದರು. ಮುಂಗೈಗೆ ಕಟ್ಟುವುದು ಹೆಂಗಸರ ಅಲಂಕಾರವೆಂಬ ಭಾವನೆಯಿತ್ತು. ಕಂದಕದೊಳಗೆ ಬಂದೂಕು ಹಿಡಿದವನಿಗೆ ಜೇಬಿಗೆ ಕೈಹಾಕಲು ವ್ಯವಧಾನವೆಲ್ಲಿ? ತೋಪುಗಳು ನಿಂತ ಕ್ಷಣಕ್ಕೇ ಪದಾತಿ ಮೇಲೇಳಬೇಕು. ಒಂದು ನಿಮಿಷ ಮುಂಚೆ ಎದ್ದರೆ ತಮ್ಮವರದೇ ಗುಂಡಿಗೆ ಆಹುತಿ. ಆದುದರಿಂದ ಗಡಿಯಾರವು ಮುಂಗೈಗೆ ಬಂದು ಅಲ್ಲಿಯೇ ನಿಂತಿತು. ಢಾಕಾದ ಶರಣಾಗತಿಯ ಪತ್ರದಲ್ಲಿ ಸಹಿಯಾದ ವೇಳೆ ಸಂಜೆ 4 ಗಂಟೆ 31 ನಿಮಿಷವೆಂದಿದೆ. ಅಲ್ಲಿಯೇ ನಿಂತಿದ್ದ ಜನರಲ್ ಜೇಕಬ್ಬರು ತಮ್ಮ ಗ್ರಂಥದಲ್ಲಿ, ತಾವು ಕೈಗಡಿಯಾರ ನೋಡಿದಾಗ 4 ಗಂಟೆ 55 ನಿಮಿಷವಾಗಿತ್ತೆಂದು ಬರೆದಿದ್ದಾರೆ. ಇದನ್ನು ಹೇಳಿದಾಗ ಹವಾಲ್ದಾರರು ನಕ್ಕು, “ಕಾಗದಕ್ಕಿಂತ ಗಡಿಯಾರ ನಂಬ್ರಿ” ಎಂದುಬಿಟ್ಟರು.

ಇನ್ನು ಗಡಿಯಾರಕ್ಕೆ ಹಕ್ಕುದಾರರು. ಪುಣೆಯ ಕಂಪ್ಯೂಟರ್ ಕಚೇರಿಯಲ್ಲಿರುವ ಮಗನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿವಾಣಖಾನೆಯಲ್ಲಿ ತೂಗುಹಾಕುವೆನೆನ್ನುತ್ತಾನೆ. ಮೊಮ್ಮಗಳಿಗೆ ಸೈನ್ಯ ಸೇರುವ ಹಂಬಲ. ಬೆಂಗಳೂರಿನ ಮಿಲಿಟರಿ ಪೋಲೀಸ್ ಕೇಂದ್ರದಿಂದ ಮಹಿಳಾ ಸಿಪಾಯಿಗಳ ಪ್ರಥಮ ತಂಡವು 2021ರಲ್ಲಿ ಹೊರಬಿದ್ದಂದಿನಿಂದ ಆಕೆ ಮುಂಜಾನೆ ಪೈಠಣದ ರಸ್ತೆಯಲ್ಲಿ ಓಡುವುದನ್ನು ಬಿಟ್ಟಿಲ್ಲವಂತೆ. ಗಡಿಯಾರವನ್ನು ಮಾತ್ರ ಬಾಯಿಬಿಟ್ಟು ಕೇಳಿಲ್ಲ. ಮುಂಬಯಿಯ ವ್ಯಾಪಾರಿಯೊಬ್ಬನು ಚಹಾ ಕುಡಿಯಲು ಬಂದವನು ಅದನ್ನು ಕಂಡು ನಾಲ್ಕು ಸಾವಿರ ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟಿದ್ದನು. ಕಡೆಯದಾಗಿ, ಹೋಟೆಲಿನ ಒಬ್ಬ ಮಾಣಿ. ಕುಂದಾಪುರದ ಕಡೆಯ ಹುಡುಗ. ಹವಾಲ್ದಾರರ ಬೆರಳುಗಳು ನಡುಗತೊಡಗಿದಂದಿನಿಂದ, ಎರಡು ವರ್ಷಗಳಾಯಿತು, ದಿನವೂ ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಡುವವನು ಅವನು. ಅವನು ಹಕ್ಕುದಾರನಲ್ಲವೆಂದು ಎಲ್ಲರೂ ಹೇಳುತ್ತಾರೆ, ಹವಾಲ್ದಾರರೊಬ್ಬರನ್ನು ಬಿಟ್ಟು.

ಸಲಹೆ ಕೊಡುವುದು ಸಂಪಾದಕನಿಗೆ ಉಚಿತವಾಗಿ ಬರುವ ವಿದ್ಯೆ. ಆದರೆ ಅಂದು ನಮ್ಮ ನಾಲಿಗೆ ಏಳಲಿಲ್ಲ. ಅದರ ಕಾರಣವನ್ನು ಇಂದಿಗೂ ಮನೆಯವರಿಗೆ ಸಹ ಹೇಳಿರಲಿಲ್ಲ.

2004ರ ಮಾತು. ಮುಂಬಯಿಯಲ್ಲಿ ನಮ್ಮ ಹೋಟೆಲು ನಡೆಯುತ್ತಿದ್ದ ಕಾಲ. ಪಕ್ಕದ ಕಟ್ಟಡದ ಕಾವಲುಗಾರನೊಬ್ಬನು ಹಾವೇರಿಯ ಕಡೆಯ ಮಾಜಿ ಸಿಪಾಯಿ, ನಮ್ಮಲ್ಲಿಯೇ ಊಟ. ತಾಯಿಗೆ ಕಾಯಿಲೆಯೆಂದು ಊರಿಗೆ ಹೊರಟಾಗ ಏಳುನೂರು ರೂಪಾಯಿ ಕೇಳಿದ. ಬೇಡವೆಂದರೂ ಕೇಳದೆ ತನ್ನ ಕೈಗಡಿಯಾರವನ್ನು ಬಿಚ್ಚಿ ಗಲ್ಲಾದಲ್ಲಿಟ್ಟು ಹೋದ. ಅದು ‘ವೆಸ್ಟ್ ಎಂಡ್’ ಕಂಪನಿಯದು. ಒಂದು ಕಾಲಕ್ಕೆ ನಮ್ಮ ಸಿಪಾಯಿಗಳಲ್ಲಿ ಮನೆಮಾತಾಗಿದ್ದ ಸ್ವಿಸ್ ಗಡಿಯಾರ. ಎರಡನೆಯ ಮಹಾಯುದ್ಧದಲ್ಲಿ ಅವನ ತಂದೆ ಕಟ್ಟಿದ್ದು, ಆಮೇಲೆ ತನ್ನ ಸೇವೆಯುದ್ದಕ್ಕೂ ಇವನು ಕಟ್ಟಿದ್ದು. ಮುಖ ಕಂದಿಹೋಗಿತ್ತು, ಮುಳ್ಳು ನಿಂತಿತ್ತು. ಬಂದವನಿಗೆ ಸಂತೋಷವಾಗಲೆಂದು ನಾವು ಅದನ್ನು ರಿಪೇರಿಯವನಿಗೆ ಕೊಟ್ಟು, “ಹೊಸದರಂತೆ ಮಾಡಿಕೊಡು” ಎಂದೆವು. ಅವನು ಹೇಳಿದಷ್ಟನ್ನೇ ಮಾಡಿದ. ಹಳೆಯ ಮುಖವನ್ನು ಕೆರೆದು ಬಣ್ಣ ಬಳಿದು ಹೊಸ ಅಂಕೆ ಬರೆದ. ಬೆನ್ನನ್ನು ಕನ್ನಡಿಯಂತೆ ಉಜ್ಜಿದ.

ಮೂರು ತಿಂಗಳ ಬಳಿಕ ತಲೆ ಬೋಳಿಸಿಕೊಂಡು ಬಂದ ಆತನು ಗಡಿಯಾರವನ್ನು ತಿರುಗಿಸಿ, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. “ಸಾವಕಾರ್ರ, ಅಪ್ಪನ ನಂಬರ್ ಎಲ್ಲಿ ಹೋತ್ರಿ?” ಎಂದ. ತಂದೆಯು ಮೊಳೆಯಿಂದ ಕೊರೆದಿದ್ದ ಸೈನ್ಯದ ಸಂಖ್ಯೆ ಅಲ್ಲಿತ್ತೆಂಬುದು ನಮಗಾಗ ತಿಳಿಯಿತು. ಆತನು ಬೈಯಲಿಲ್ಲ. ಏಳುನೂರನ್ನೂ ಎಣಿಸಿಟ್ಟು, ಗಡಿಯಾರವನ್ನು ಕಟ್ಟಿಕೊಳ್ಳದೆ ಜೇಬಿಗೆ ಹಾಕಿಕೊಂಡು ಹೋದ. ಮತ್ತೆ ನಮ್ಮಲ್ಲಿ ಊಟಕ್ಕೆ ಬರಲಿಲ್ಲ.

ಬಿಡಕಿನ್‌ನ ಹವಾಲ್ದಾರರಿಗೆ ನಾವು ಇದನ್ನು ಮೊದಲು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ನೀವು ಬೇಕಂತ ಮಾಡ್ಲಿಲ್ಲಲ್ರಿ” ಎಂದರು. ಅದರಿಂದ ನಮಗೆ ಸಮಾಧಾನವಾಯಿತೆಂದು ಬರೆದರೆ ಸುಳ್ಳಾದೀತು.

ಅನಂತರವಷ್ಟೇ ನಮಗೆ ತಿಳಿದದ್ದನ್ನು ಅವರ ಮುಂದಿಟ್ಟೆವು. ಮನೆಯಲ್ಲಿ ಇಂಥ ವಸ್ತುವಿರುವ ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ. ಹಳೆಯ ಗಡಿಯಾರದ ಮುಖಕ್ಕೆ ಹೊಸ ಬಣ್ಣ ಹಚ್ಚಿಸಕೂಡದು, ಬೆನ್ನನ್ನು ಉಜ್ಜಿಸಕೂಡದು. ಬಣ್ಣ ಬಳಿದು ಬೆರಕೆ ಭಾಗಗಳನ್ನು ಕೂಡಿಸಿ ಮಾರುವ ಹಳೆಯ ಎಚ್.ಎಂ.ಟಿ. ಮೊದಲಾದ ಗಡಿಯಾರಗಳಿಗೆ ಹೊರದೇಶದ ಸಂಗ್ರಾಹಕರು ‘ಮುಂಬಯಿ ಸ್ಪೆಶಲ್’ ಎಂದು ಹೆಸರಿಟ್ಟಿದ್ದಾರೆ. ಮುಂಬಯಿಯ ನಮಗೆ ಇದು ಕಿರೀಟವೇನೂ ಅಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗುವುದರಿಂದ ಬಲ್ಲವನಿಂದ ಬಿಚ್ಚಿಸಿ ತೊಳೆಸಿ ಎಣ್ಣೆ ಹಾಕಿಸುವುದು ಬೇರೆ ಮಾತು, ಅದು ಅವಶ್ಯ. ಬಹುಕಾಲ ನಿಂತ ಗಡಿಯಾರವನ್ನು ತೊಳೆಸುವ ಮುಂಚೆ ಹಟದಿಂದ ಓಡಿಸಿದರೆ ಒಳಗಿನ ಅಚ್ಚುಗಳು ಸವೆಯುತ್ತವೆ. ಕೀಲಿ ಹೆಚ್ಚಾಗಿ ಕೆಟ್ಟಿತೆಂಬ ಮಾತು ಬಹುಮಟ್ಟಿಗೆ ನಿಜವಲ್ಲ. ಅಂಟಿದ ಎಣ್ಣೆಯ ಪಾಪವನ್ನು ಕೀಲಿ ಕೊಟ್ಟವನ ತಲೆಗೆ ಕಟ್ಟುವುದಷ್ಟೇ.

ಎರಡನೆಯ ಮಹಾಯುದ್ಧದ ಕಾಲದ ಗಡಿಯಾರಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಕತ್ತಲಲ್ಲಿ ಬೆಳಗಲೆಂದು ಅವುಗಳ ಅಂಕೆಗಳಿಗೆ ರೇಡಿಯಂ ಬೆರೆತ ಬಣ್ಣ ಹಚ್ಚುತ್ತಿದ್ದರು. ಈಗ ಅದು ಬೆಳಗದಿರಬಹುದು. ಆದರೆ ರೇಡಿಯಮ್ಮಿನ ಶಕ್ತಿ ಅರ್ಧಕ್ಕಿಳಿಯಲು ಸುಮಾರು 1,600 ವರ್ಷಗಳು ಬೇಕು. ಮುಚ್ಚಿಟ್ಟ ಗಡಿಯಾರಕ್ಕಿಂತ ಅದನ್ನು ತೆರೆದು ಕೆರೆದಾಗ ಏಳುವ ಧೂಳು ಒಡಲು ಸೇರುವುದು ಹೆಚ್ಚು ಅಪಾಯ. ನಮ್ಮ ರಿಪೇರಿಯವನು ಅಂದು ಬರಿಗೈಯಲ್ಲಿ ಕೆರೆದು ಬಾಯಿಂದ ಊದಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಾರಾಟದ ಮಾತಿಗೆ ಬಂದರೆ, 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗಾಂಧೀಜಿಯವರ ಜೇಬುಗಡಿಯಾರ, ಕನ್ನಡಕ, ಪಾದರಕ್ಷೆ, ಬಟ್ಟಲು, ತಟ್ಟೆಗಳನ್ನು ವಿಜಯ ಮಲ್ಯರು 18 ಲಕ್ಷ ಡಾಲರಿಗೆ ಕೊಂಡರು. ಅಲ್ಲಿ ಬೆಲೆ ಬಂದದ್ದು ಯಂತ್ರಕ್ಕಲ್ಲ, ಅದನ್ನು ಬಳಸಿದವರಿಗೆ. ಹವಾಲ್ದಾರನ ಮುಂಗೈಗೆ ಪೇಟೆಯಲ್ಲಿ ದರವಿಲ್ಲ. ವ್ಯಾಪಾರಿಯ ನಾಲ್ಕು ಸಾವಿರವು ಬರಿಯ ಯಂತ್ರದ ಬೆಲೆ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯದೆ ಅನ್ವಯಿಸುತ್ತದೆ, ಹೊರದೇಶಕ್ಕೆ ಸಾಗಿಸುವಂತಿಲ್ಲ. ಇವರದಕ್ಕೆ ಆ ವಯಸ್ಸಾಗಿಲ್ಲ.

ವಸ್ತುಸಂಗ್ರಹಾಲಯ? ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ಸಂಗ್ರಹಾಲಯವಾಯಿತು, ನೋಡತಕ್ಕದ್ದೇ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯ ಪರಂಪರೆಯ ಸಂಗ್ರಹಾಲಯವಿದೆ. ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರವು 2016ರ ಜನವರಿಯಲ್ಲಿಯೇ ಒಪ್ಪಿಗೆ ಕೊಟ್ಟಿತು. ಈಗ ಗಡಿಯಾರ ನೋಡಲು ಜನ ಟಿಕೆಟ್ಟು ಕೊಂಡು ಹೋಗುತ್ತಾರೆ. ದಳದ ಕೇಂದ್ರವಿರುವ ಬೆಳಗಾವಿಯೂ ಉಂಟು. ಆದರೆ ಎಲ್ಲಿ ಕೊಟ್ಟರೂ ವಸ್ತುವಿನ ಜತೆಗೆ ಕಾಗದವಿರಬೇಕು: ಯಾರದು, ಯಾವಾಗ ಕೊಂಡದ್ದು, ಎಲ್ಲೆಲ್ಲಿ ಕಟ್ಟಿದ್ದು, ಸೇವಾಪುಸ್ತಕದ ಪ್ರತಿ, ಕಟ್ಟಿಕೊಂಡಿದ್ದಾಗಿನ ಒಂದು ಭಾವಚಿತ್ರ. ಕಾಗದವಿಲ್ಲದ ಗಡಿಯಾರವು ಉಗ್ರಾಣದ ಮೂಲೆಯಲ್ಲಿ ಹೆಸರಿಲ್ಲದೆ ಕುಳಿತೀತು. ಕಾಗದಕ್ಕಿಂತ ಗಡಿಯಾರವನ್ನು ನಂಬಿರೆಂದವರಿಗೆ ಈ ಮಾತು ಹಿಡಿಸಲಿಲ್ಲ. ಆದರೂ ಕೊನೆಗೆ ಮೊಮ್ಮಗಳನ್ನು ಕರೆದು, ಬಿಲ್ಲಿನ ಪುಸ್ತಕದ ಹಾಳೆಗಳ ಬೆನ್ನಿನ ಮೇಲೆ ಬರೆಯಿಸತೊಡಗಿದರು. ನಾವು ರಾತ್ರಿ ಅಲ್ಲಿಯೇ ಉಳಿದೆವು.

ಜಮಾಲಪುರದ ರಾತ್ರಿಯಿಂದ ಹಿಡಿದು ಮೂರು ಹಾಳೆ ತುಂಬಿತು. ನಾಲ್ಕನೆಯದರಲ್ಲಿ ತೀರ್ಮಾನ. ತಾವು ಇರುವವರೆಗೆ ಗಡಿಯಾರ ಮೊಳೆಯ ಮೇಲೆಯೇ ಇರತಕ್ಕದ್ದು. ಆಮೇಲೆ ಮೊಮ್ಮಗಳಿಗೆ, ಆಕೆ ಸೈನ್ಯಕ್ಕೆ ಆಯ್ಕೆಯಾಗಲಿ ಬಿಡಲಿ. ಗಾಜಿನ ಪೆಟ್ಟಿಗೆಯಲ್ಲಿ ಇಡಕೂಡದು, ಕಟ್ಟಿಕೊಳ್ಳಬೇಕು. ಕಷ್ಟ ಬಂದರೆ ನಾಚದೆ ಮಾರಬಹುದು, ಆದರೆ ಈ ಹಾಳೆಗಳ ಸಮೇತ. ಕುಂದಾಪುರದ ಹುಡುಗನು ಕೆಲಸ ಬಿಟ್ಟು ಊರಿಗೆ ಹೊರಟ ದಿನ ಅವನಿಗೆ ತಮ್ಮ ಪಿಂಚಣಿಯಿಂದ ಒಂದು ಹೊಸ ಗಡಿಯಾರ. ‘ಕಷ್ಟ ಬಂದರೆ’ ಎಂಬಲ್ಲಿ ಮೊಮ್ಮಗಳು ಲೇಖನಿ ನಿಲ್ಲಿಸಿ, “ನಾ ಮಾರೂದಿಲ್ಲ, ಅಜ್ಜಾ” ಎಂದಳು. “ಬರೀ ನೀ” ಎಂದರು ಹವಾಲ್ದಾರರು.

ಮಗನ ಒಪ್ಪಿಗೆಯಿಲ್ಲದೆ ಇದು ಮುಂದೆ ಜಗಳಕ್ಕೆ ದಾರಿಯಾದೀತೆಂದು ನಾವು ಸೂಚಿಸಿದೆವು. ಚೌತಿಗೆ ಆತನು ಬಂದಾಗ ಓದಿಸಿ ಸಹಿ ಹಾಕಿಸುವುದೆಂದಾಯಿತು. ಆತನು ಹಾಕಿಯಾನೇ? ಹವಾಲ್ದಾರರಿಗೂ ಖಾತರಿಯಿಲ್ಲ.

ಬೆಳಿಗ್ಗೆ ಆರಕ್ಕೆ ನಮ್ಮ ಬಸ್ಸು. ಗಲ್ಲಾದ ಬಳಿ ನಿಂತಿದ್ದಾಗ ಹುಡುಗನು ಅಡುಗೆಮನೆಯಿಂದ ಬಂದು, ಒದ್ದೆ ಕೈಯನ್ನು ಬೈರಾಸಿಗೆ ಒರೆಸಿ, ಗಡಿಯಾರವನ್ನು ಇಳಿಸಿ ಕೀಲಿ ಕೊಡಹತ್ತಿದ. ಎಷ್ಟು ಸುತ್ತು ಎಂದು ಕೇಳಿದೆವು. ಎಣಿಸುವುದಿಲ್ಲವೆಂದೂ ಬೆರಳಿಗೆ ಬಿಗಿ ತಾಗಿದೊಡನೆ ಬಿಡುವುದೆಂದೂ ಹೇಳಿದ. ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆಯಂತೆ. ನಗರದಲ್ಲಿ ಕೈಗುಣವುಳ್ಳ ಹಳೆಯ ರಿಪೇರಿಯವನನ್ನು ಹುಡುಕಿ ಎಣ್ಣೆ ಹಾಕಿಸಿರೆಂದೂ, ಬೆನ್ನನ್ನು ಮುಟ್ಟಗೊಡಬೇಡಿರೆಂದೂ ಹವಾಲ್ದಾರರಿಗೆ ಮತ್ತೊಮ್ಮೆ ಹೇಳಿ ಬಸ್ಸು ಹತ್ತಿದೆವು.