ತಂದೆಯಿಲ್ಲದ ಮಕ್ಕಳು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಕವಿಯೂ ಬಂದು ತಂಗಿದ್ದರು. 1884ರಲ್ಲಿ ಪ್ರಕಟವಾದ ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಅವರು ಬರೆದುದು ಅಲ್ಲಿಯೇ. ಲೋಕವನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನ ಬಳಿ, ತಂದೆಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಆಶ್ರಯ ಬೇಡುತ್ತಾಳೆ. ಮಮತೆಗೆ ಅಂಜಿ ಆತನು ಅವಳನ್ನು ತೊರೆಯುತ್ತಾನೆ. ಮನಸ್ಸು ಕರಗಿ ಮರಳುವಷ್ಟರಲ್ಲಿ ಅವಳು ಸತ್ತಿರುತ್ತಾಳೆ.

ಇಂತಹ ಮಗುವಿಗೆ ಹಿರಿಯರು ಸಲ್ಲಿಸಬೇಕಾದುದೇನು? ಗುಡಿಯ ಗಂಟೆ, ಮಸೀದಿಯ ಬಾಂಗು, ಇಗರ್ಜಿಯ ಪ್ರಾರ್ಥನೆ ಮೂರೂ ಕೇಳಿಬರುವ ಕಾರವಾರ, ಅಂಕೋಲೆಗಳಲ್ಲಿ ಈ ಪ್ರಶ್ನೆಗೆ ಉತ್ತರವೂ ಹಲವು ನುಡಿಗಳಲ್ಲಿದೆ.

ಅರಬ್ಬೀ ಭಾಷೆಯ ‘ಯತೀಮ್’ ಎಂದರೆ ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು. ತಾಯಿ ಬದುಕಿರಬಹುದು. ಆದುದರಿಂದ ಅದನ್ನು ‘ಅನಾಥ’ ಎಂದು ಕನ್ನಡಿಸಿದರೆ, ದುಡಿದು ಮಗುವನ್ನು ಸಾಕುತ್ತಿರುವ ಆ ತಾಯಿಯನ್ನು ಲೆಕ್ಕಕ್ಕೇ ಹಿಡಿಯದಂತಾದೀತು. ಒಂಟಿಯಾದುದು, ಸಾಟಿಯಿಲ್ಲದುದು ಎಂಬ ಅರ್ಥವೂ ಆ ಪದಕ್ಕುಂಟು. ಜೊತೆ ಸಿಗದ ಅನರ್ಘ್ಯ ಮುತ್ತನ್ನೂ ಅರಬ್ಬರು ಅದೇ ಪದದಿಂದ ಬಣ್ಣಿಸುವರು.

ಪೈಗಂಬರ್ ಮುಹಮ್ಮದರು ಹುಟ್ಟುವ ಮೊದಲೇ ಅವರ ತಂದೆ ತೀರಿಕೊಂಡಿದ್ದರು. ಆರನೆಯ ವಯಸ್ಸಿನಲ್ಲಿ ತಾಯಿಯೂ ಅಗಲಿದರು. ಆದರೂ ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ ಯತೀಮರ ವಿಷಯ ಬಂದಾಗ ಕಣ್ಣೀರಿಗಿಂತ ಲೆಕ್ಕಪತ್ರವೇ ಮುಂದಾಗಿದೆ. ಮಗುವಿನ ಒಳ್ಳೆಯ ಆಸ್ತಿಯನ್ನು ತೆಗೆದುಕೊಂಡು ಕೆಟ್ಟದ್ದನ್ನು ಕೊಡಬಾರದು. ಪಾಲಕನು ಸ್ಥಿತಿವಂತನಾದರೆ ಅದರಿಂದ ಏನನ್ನೂ ಮುಟ್ಟಬಾರದು, ಬಡವನಾದರೆ ನ್ಯಾಯವಾದಷ್ಟನ್ನು ಮಾತ್ರ ಬಳಸಬಹುದು. ಮಗು ಬೆಳೆದು ವಿವೇಕ ಬಂದ ಮೇಲೆ ಸಾಕ್ಷಿಗಳ ಎದುರಿಗೆ ಎಲ್ಲವನ್ನೂ ಒಪ್ಪಿಸಬೇಕು. ದಾಯಾದಿಗಳ ಮನೆಯಲ್ಲಿ ಬೆಳೆದ ಮಗುವಿನ ಗದ್ದೆ, ತೋಟ ಏನಾಗುತ್ತದೆಂಬುದನ್ನು ಬಲ್ಲವರಿಗೆ ಈ ಕಟ್ಟುನಿಟ್ಟು ಅತಿಯೆನಿಸದು. ಯತೀಮನ ಹೊಣೆ ಹೊತ್ತವನಿಗೆ ‘ಕಾಫಿಲ್’ ಎಂದು ಹೆಸರು. ಸಾಲಕ್ಕೆ ಜಾಮೀನು ನಿಲ್ಲುವವನನ್ನು ಕರೆಯುವ ‘ಕಫೀಲ್’ ಎಂಬ ಮಾತೂ ಅದೇ ಧಾತುವಿನಿಂದ ಬಂದಿದೆ.

1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಆರ್ಫನ್’ ಎಂಬ ಪದ ತೀರ ವಿರಳ. ಅಲ್ಲಿಯೂ ‘ಫಾದರ್‌ಲೆಸ್’, ಅಂದರೆ ತಂದೆಯಿಲ್ಲದವರು ಎಂಬುದೇ ರೂಢಿಯ ಮಾತು. ಯಾಕೋಬನ ಪತ್ರಿಕೆಯು ಅಂಥವರನ್ನೂ ವಿಧವೆಯರನ್ನೂ ‘ವಿಜಿಟ್’ ಮಾಡುವುದನ್ನು ನಿರ್ಮಲವಾದ ಭಕ್ತಿಯ ಲಕ್ಷಣವೆಂದು ಹೇಳುತ್ತದೆ. ಇಂದು ಆ ಇಂಗ್ಲಿಷ್ ಪದ ಬರಿಯ ಭೇಟಿ ಎಂಬಷ್ಟಕ್ಕೆ ಇಳಿದಿದೆ. ಮೂಲದ ಗ್ರೀಕ್ ಕ್ರಿಯಾಪದಕ್ಕಾದರೋ ಹೋಗಿ ನೋಡುವುದು, ಯೋಗಕ್ಷೇಮ ವಹಿಸುವುದು ಎರಡೂ ಅರ್ಥಗಳಿವೆ. ಕಷ್ಟದಲ್ಲಿರುವವರು ಬಾಗಿಲಿಗೆ ಬರಲೆಂದು ಕಾಯುತ್ತ ಕುಳಿತರೆ ಆ ಕ್ರಿಯಾಪದದ ಅರ್ಥ ಕೂಡಿಬಾರದು. ಉಳ್ಳವರೇ ಎದ್ದು ಅವರ ಮನೆಗೆ ನಡೆಯಬೇಕು.